ಮಂತ್ರಿಯ ಮೂಗು

ಅಪ್ಪ ಜೋಡಿಸುತ್ತಿದ್ದ ಪಟದ ಆ ಚೂರನ್ನು ಕದ್ದವನು ನಾನು, ಅಕ್ಕ. ನೀನು ಅದನ್ನು ಗುಡಿಸಿ ಹಾಕಲಿಲ್ಲ. ಅವತ್ತು ದೀಪ ಹಚ್ಚಿದ ಮೇಲೆ ನೀನು ಪೊರಕೆ ಹಿಡಿದದ್ದಕ್ಕೂ ಅಪ್ಪ ಬಿದ್ದದ್ದಕ್ಕೂ ಸಂಬಂಧವೇ ಇಲ್ಲ. ಆರು ವರ್ಷದಿಂದ ಇಷ್ಟನ್ನು ಹೇಳಲಾರದೆ—

ನಿನಗೆ ಎಲ್ಲಾ ನೆನಪಿರುತ್ತೆ. ಆದರೂ ಬಿಡಿಸಿ ಬರೀತೀನಿ, ಇಲ್ಲದಿದ್ದರೆ ಮತ್ತೆ ಎಲ್ಲಾದರೂ ನುಣುಚಿಕೊಳ್ಳುತ್ತೀನಿ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸೋತಾಗ, ಬೆರಳಿಗೆ ಕೆಲಸ ಕೊಡಿ ಅಂದರು ಡಾಕ್ಟರು. ನಿನ್ನ ಮಗ ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಿಂದ ಒಂದು ಪಜಲ್ ಡಬ್ಬ ತಂದ. ಐನೂರು ಚೂರು. ಜೋಡಿಸಿದರೆ ಹೊರದೇಶದ ಯಾವುದೋ ಹಳೇ ಪತ್ರಿಕೆಯ ವ್ಯಂಗ್ಯಚಿತ್ರ: ಮೀಸೆ ಹೊತ್ತ ಮಂತ್ರಿಗಳು ಭೂಪಟ ಹರಡಿಕೊಂಡು ಸಂಧಾನಕ್ಕೆ ಕೂತಿದ್ದಾರೆ, ಮೇಜಿನ ಮೇಲೆ ಕೈ ಕುಲುಕುತ್ತಾ, ಕೆಳಗೆ ಒಬ್ಬರ ಕಾಲನ್ನೊಬ್ಬರು ತುಳಿಯುತ್ತಿದ್ದಾರೆ. ಹೈಸ್ಕೂಲಲ್ಲಿ ಜನ್ಮವೆಲ್ಲ ಚರಿತ್ರೆ ಪಾಠ ಮಾಡಿದ ಮೇಷ್ಟ್ರಿಗೆ ಇನ್ನೇನು ಬೇಕು! "ನೋಡಮ್ಮ, ಹಲ್ಲು ಕಿರೀತಾ ಇದಾನಲ್ಲ, ಇವನೇ ಮೊದಲು ಫಿರಂಗಿ ಹಾರಿಸೋನು" ಅಂತ ತೊದಲು ನಾಲಿಗೆಯಲ್ಲೇ ಪಾಠ ಶುರು. ನೀನು ನೆಲಮಂಗಲದಿಂದ ದಿನಾ ನಾಲ್ಕು ಗಂಟೆಗೆ ಅರಿಶಿನಕುಂಟೆಯ ನಮ್ಮ ಮನೆಗೆ ಬಂದು ಅವರ ಜೊತೆ ಚೂರು ಆರಿಸುತ್ತಾ ಕೂರುತ್ತಿದ್ದೆ.

ನನಗೆ ಹೊಟ್ಟೆಕಿಚ್ಚು. ಹೌದು, ಐವತ್ತು ದಾಟಿದ ಗಂಡಸಿಗೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಪ್ಪ, ನಾನು, ಇಬ್ಬರೇ. ಬೆಳಗ್ಗೆ ಅವರಿಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ತಿಂಡಿ ತಿನ್ನಿಸಿ ಸೋಂಪುರದ ಫ್ಯಾಕ್ಟರಿಗೆ ಓಡುತ್ತಿದ್ದವನು ನಾನು. ನನ್ನ ಹತ್ತಿರ ಅವರದು ಎರಡೇ ಮಾತು—ನೀರು ಬಿಸಿ, ನೀರು ತಣ್ಣಗೆ. ಸಂಜೆ ಬಂದು ಗೇಟು ತೆಗೆದರೆ ಒಳಗೆ ನಿಮ್ಮಿಬ್ಬರ ನಗು. ನಾನು ಕಾಲಿಟ್ಟರೆ ನಿಂತುಹೋಗುತ್ತಿತ್ತು. ನೀವು ನಿಲ್ಲಿಸುತ್ತಿದ್ದಿರಿ ಅಂತಲ್ಲ... ನನಗೆ ಹಾಗನ್ನಿಸುತ್ತಿತ್ತು.

ಇನ್ನು ಹತ್ತೋ ಹನ್ನೆರಡೋ ಚೂರು ಉಳಿದಿದ್ದ ಸಂಜೆ, ನೀನು ಕಾಫಿ ಕಾಯಿಸೋಕೆ ಒಳಗೆ ಹೋದೆ, ಅಪ್ಪ ಕೂತಲ್ಲೇ ತೂಕಡಿಸುತ್ತಿದ್ದರು. ನಡುವಿನ ಮಂತ್ರಿಯ ಮೂಗಿನ ಚೂರನ್ನು ಜೇಬಿಗೆ ಹಾಕಿಕೊಂಡೆ. ಎಲ್ಲರೂ ಹುಡುಕುವಾಗ ನಾನೇ ತಂದು ಇಟ್ಟರೆ ಅಪ್ಪ "ಭಲೇ" ಅಂತಾರೆ—ಅಷ್ಟೇ ಆಸೆ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು, ಅವರ ಮಗು ಮಂಡಕ್ಕಿ ಚೆಲ್ಲಿತು. ದೀಪ ಹಚ್ಚಿ ಆಗಿದ್ದರೂ ನೀನು ಗುಡಿಸಿ, ಕಸವನ್ನು ಪಕ್ಕದ ಖಾಲಿ ಸೈಟಿಗೆ ಹಾಕಿ ಬಂದೆ. ಅವರು ಹೋದ ಮೇಲೆ ಪಟ ತುಂಬಿತು, ಮೂಗೊಂದು ಬಿಟ್ಟು.

"ದೀಪ ಹಚ್ಚಿದ ಮೇಲೆ ಗುಡಿಸ್ತಾರೇನೇ? ಮುಸ್ಸಂಜೆ ಕಸ ಹೊರಗೆ ಹಾಕಿದ್ರೆ ಮನೇಲಿರೋದೂ ಹೋಗುತ್ತೆ ಅಂತ ನಿಮ್ಮಮ್ಮ ಬಡ್ಕೊಂಡಿರಲಿಲ್ವಾ!"

ಅಪ್ಪ ನಿನ್ನನ್ನು ಹಾಗೆ ಬೈದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನೀನು ಕಣ್ಣೊರೆಸಿಕೊಳ್ಳುತ್ತಾ ಚಾಪೆ ಕೊಡವುತ್ತಿದ್ದೆ. ನನ್ನ ಕೈ ಜೇಬಿನಲ್ಲೇ ಇತ್ತು. ನನಗೂ ಬೈತಾರೆ ಅಂತ ಹೆದರಿ ಸುಮ್ಮನಿದ್ದೆ ಅಂದರೆ ಅದು ಅರ್ಧ ಸುಳ್ಳು. ನೀನು ಬೈಸಿಕೊಳ್ಳುವುದನ್ನು ಕೇಳಿ ನನಗೆ ಒಳಗೊಳಗೇ ಹಿತವಾಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು.

ಬೆಳಗ್ಗೆ ಕೊಟ್ಟರಾಯಿತು ಅಂದುಕೊಂಡೆ. ಬೆಳಗ್ಗೆ ನಾನು ಬಚ್ಚಲಲ್ಲಿ ಒಲೆಗೆ ಉರಿ ಹಾಕುತ್ತಿದ್ದಾಗ ಅಪ್ಪ ಕೋಲೂರಿಕೊಂಡು ಒಬ್ಬರೇ ಆ ಸೈಟಿಗೆ ಹೋಗಿದ್ದಾರೆ. ಕಸ ಕೆದಕೋಕೆ ಬಗ್ಗಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಎರಡು ತಿಂಗಳು ಹಾಸಿಗೆ ಹಿಡಿದಿದ್ದು ಹೋಗಿಬಿಟ್ಟರು. ಆ ಚೂರನ್ನು, ಅವರು ಬಿದ್ದ ದಿನವೇ, ನಾನು ಬಚ್ಚಲ ಒಲೆಗೆ ಹಾಕಿದ್ದೆ.

ಹೋದ ವಾರ ನಿನ್ನ ಸೊಸೆ ಫೋನ್ ಮಾಡಿದ್ದಳು. "ಮಾವ, ಅತ್ತೆ ಮನೇಲಿ ಯಾರಿಗೂ ಗುಡಿಸೋಕೆ ಬಿಡಲ್ಲ. ಕಸಾನೆಲ್ಲ ಬೆರಳಲ್ಲಿ ಕೆದಕಿ ಕೆದಕಿ ನೋಡ್ತಾರೆ. ಉಗುರೆಲ್ಲ ಸೀಳ್ಹೋಗಿದೆ. ಡಾಕ್ಟರ್ ಹತ್ರ ತೋರಿಸ್ಬೇಕು." ನಾನು "ಹೂಂ" ಅಂದೆ. ಹೂಂ ಅಂದು ಫೋನ್ ಇಟ್ಟೆ! ಏನು ಸಿಗುತ್ತೆ ಅಕ್ಕ ನಿನಗೆ ಆ ಕಸದಲ್ಲಿ? ಅದು ಬೂದಿಯಾಗಿ ಆರು ವರ್ಷವಾಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಉಳಿದಿದೆ. ಅಪ್ಪನ ಹನ್ನೊಂದನೇ ದಿನ, ನೆಂಟರೆಲ್ಲ ಊಟಕ್ಕೆ ಕೂತಾಗ, ನೀನು ನನ್ನನ್ನು ಹಿತ್ತಲಿಗೆ ಕರೆದು "ಅಪ್ಪನ್ನ ನಾನೇ ಕೊಂದೆ ಕಣೋ" ಅಂದೆ. ಆಗಲಾದರೂ ಬಾಯಿ ಬಿಡಬಹುದಿತ್ತು. "ಆಗಿದ್ದಾಯ್ತು ಬಿಡಕ್ಕ, ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ" ಅಂದೆ. ಅಯ್ಯೋ, ನಾನು—ನಿನ್ನನ್ನು—ಕ್ಷಮಿಸಿದೆ!

ಭಾನುವಾರ ಬರ್ತೀನಿ. ನಿನ್ನ ಮಗ ಸೊಸೆಯ ಎದುರಿಗೇ ಇದನ್ನೆಲ್ಲ ಹೇಳ್ತೀನಿ. ಹೇಳಿದರೆ ಅಪ್ಪ ಬರಲ್ಲ, ನಿನ್ನ ಆರು ವರ್ಷವೂ ಬರಲ್ಲ, ಗೊತ್ತು. ಅವತ್ತು ಹಿತ್ತಲಲ್ಲಿ ನಾನು ಹಾಗಂದಾಗ, ನನ್ನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದ ನೀನು, ಎರಡೂ ಕೈ ಜೋಡಿಸಿ ನನಗೆ ಮುಗಿದೆ. ನಾನು ಬೇಡ ಅನ್ನಲಿಲ್ಲ.