ಸೆಲ್ಲಿಲ್ಲದ ದೀಪ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಕೇಳುತ್ತಲೇ ಹುರುಳಿಕಾಯಿ ಬಿಡಿಸುತ್ತಿದ್ದವಳು. ನಂಬಿದವಳಲ್ಲ. ನೀವೂ ನಂಬಬೇಕೆಂದಿಲ್ಲ.

ಆಗ ನಾವು ಹಲಸೂರಿನ ಕೆರೆಯ ಹಿಂದಿನ ಬೀದಿಯಲ್ಲಿದ್ದೆವು. ಮೊಮ್ಮಗನಿಗೆ ಒಂದೂವರೆ ವರ್ಷ, ಕಂಡದ್ದಕ್ಕೆಲ್ಲ ಕೈ ಹಾಕುವ ವಯಸ್ಸು. ಬೆಂಕಿಯ ಭಯಕ್ಕೆ ದೇವರ ಗೂಡಿನಲ್ಲಿ ಎಣ್ಣೆದೀಪ ಬಿಟ್ಟು, ಕಾಸಿನಂಥ ಚಪ್ಪಟೆ ಸೆಲ್ಲು ಹಾಕುವ ಪ್ಲಾಸ್ಟಿಕ್ ದೀಪ ಇಟ್ಟಿದ್ದೆ. ಒಂದು ಬೆಳಿಗ್ಗೆ ಅವನು ಅದನ್ನು ಎಳೆದು ಬೀಳಿಸಿದ. ಉರಿಯುತ್ತಿತ್ತಲ್ಲ, ಎತ್ತಿ ಹಾಗೇ ಇಟ್ಟೆ.

ಮಧ್ಯಾಹ್ನ ಮಗು ಅನ್ನ ಮುಟ್ಟಲಿಲ್ಲ. ಬಾಯಿಂದ ಒಂದೇ ಸಮ ಜೊಲ್ಲು. ಪಕ್ಕದ ಮನೆಯ ಸೆಲ್ವಿ ಬಂದು ನೋಡಿ, "ಹಲ್ಲು ಬರ್ತಿದೆ ಅಮ್ಮಾ, ಬಾಳೆಹಣ್ಣು ಕೊಡಿ, ಸರಿ ಹೋಗ್ತಾನೆ" ಎಂದಳು. ನನಗೆ ದೃಷ್ಟಿಯ ಅನುಮಾನ. ಹಣೆಗೆ ವಿಭೂತಿ ಇಡೋಣವೆಂದು ಗೂಡಿನ ಹತ್ತಿರ ಹೋದೆ.

ಊಟದ ಹೊತ್ತಿಗೆ ದೀಪ ಶಾಂತ ಮಾಡುವುದು ನನ್ನ ರೂಢಿ. ಅಂದು ಮರೆತಿದ್ದೆ. ಗುಂಡಿ ಒತ್ತಲು ದೀಪವನ್ನು ತಿರುಗಿಸಿದೆ. ಕೆಳಗಿನ ಮುಚ್ಚಳವೇ ಇರಲಿಲ್ಲ. ಸೆಲ್ಲೂ ಇರಲಿಲ್ಲ. ಖಾಲಿ ಕುಳಿ. ದೀಪ ಮಾತ್ರ ನನ್ನ ಕೈಯಲ್ಲಿ ಉರಿಯುತ್ತಿತ್ತು. ನೋಡುತ್ತಿದ್ದಂತೆ ಆರಿತು.

"ಸೆಲ್ವಿ, ಹಣ್ಣು ಬೇಡ! ಇವನು ಸೆಲ್ಲು ನುಂಗಿದಾನೆ ಕಣೇ!"

"ಅಯ್ಯಯ್ಯೋ! ಇರಿ, ಆಟೋ ಕರೀತೀನಿ" ಎಂದು ಅವಳು ಬರಿಗಾಲಲ್ಲೇ ಓಡಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಗಂಟಲ ಕೆಳಗೆ ದುಂಡಗೆ ಬೆಳ್ಳಗೆ ಕಂಡಿತು. "ಕಾಸೇನಾದರೂ ನುಂಗಿದಾನಾ?" ಎಂದೆ. ಡಾಕ್ಟರಮ್ಮ ಅಲ್ಲವೆಂದು ತಲೆಯಾಡಿಸಿದರು. "ಅಂಚಲ್ಲಿ ಎರಡು ಗೆರೆ ಇದೆ ನೋಡಿ, ಸೆಲ್ಲೇ. ಸಾಯಂಕಾಲದವರೆಗೂ ಬಿಟ್ಟಿದ್ರೆ ಅನ್ನನಾಳ ಸುಟ್ಟು ತೂತಾಗ್ತಿತ್ತು. ಹೇಗ್ರೀ ಗೊತ್ತಾಯ್ತು?"

ದೀಪದಲ್ಲಿ ಸೆಲ್ಲಿರಲಿಲ್ಲ ಎಂದಷ್ಟೇ ಹೇಳಿದೆ. ಮಗುವಿಗೆ ಮತ್ತು ಬರಿಸಿ, ಬಾಯಿಂದ ಕೊಳವೆ ಇಳಿಸಿ ತೆಗೆದರು. ಸೆಲ್ಲಿನ ಒಂದು ಮುಖ ಆಗಲೇ ಕಪ್ಪಾಗಿತ್ತು.

ಸೆಲ್ಲಿಲ್ಲದೆ ದೀಪ ಉರಿದದ್ದನ್ನು ಕೇಳಿ ಮಗ ನಕ್ಕ. "ಬಿಸಿಲು ಬಿದ್ದು ಹೊಳೆದಿರುತ್ತೆ ಬಿಡಮ್ಮ." ಇರಬಹುದೆಂದು ಮಾರನೆಯ ದಿನ ಅದೇ ಹೊತ್ತಿಗೆ ಗೂಡಿನ ಮುಂದೆ ಕೂತು ನೋಡಿದೆ. ಆ ಮೂಲೆಗೆ ಬಿಸಿಲು ಬರುವುದೇ ಇಲ್ಲ.

ಈಗ ಎತ್ತರದಲ್ಲಿ ಎಣ್ಣೆದೀಪವಿದೆ. ಪ್ಲಾಸ್ಟಿಕ್ ದೀಪವನ್ನೂ ಎಸೆದಿಲ್ಲ. ಮೊಮ್ಮಗ ಶಾಲೆಗೆ ಹೋಗುತ್ತಾನೆ. ಒಮ್ಮೊಮ್ಮೆ ಅದನ್ನು ಕೈಗೆತ್ತಿಕೊಂಡು, "ಅಜ್ಜಿ, ಇದ್ಯಾಕೆ ಹತ್ತಲ್ಲ?" ಅನ್ನುತ್ತಾನೆ.

"ಸೆಲ್ಲಿಲ್ಲ ಕಣೋ, ಅದಕ್ಕೆ" ಎನ್ನುತ್ತೇನೆ. ಹತ್ತದಿರುವುದಕ್ಕೆ ಕಾರಣ ಗೊತ್ತು. ಅವತ್ತು ಹತ್ತಿಕೊಂಡೇ ಇದ್ದದ್ದು ಹೇಗೆ ಎಂಬುದು ಇಂದಿಗೂ ನನಗೆ ತಿಳಿದಿಲ್ಲ.