ಮನೆಯಿಂದ ಒಯ್ಯುವ ತಾಟು

ಚಿಂಚೋಳಿಯಲ್ಲಿ ನಾನು ಡಿಗ್ರಿ ಕೊನೆಯ ವರ್ಷ ಓದುವಾಗ ನಮ್ಮ ಕಾಲೇಜಿನ ಹಿಂದೊಂದು ತಗ್ಗಿತ್ತು. ಕಾರ್ಯಕ್ರಮ ಮುಗಿದಾಗಲೆಲ್ಲ ಥರ್ಮಾಕೋಲ್ ತಾಟು, ಪ್ಲಾಸ್ಟಿಕ್ ಗಿಲಾಸುಗಳು ಅದರಲ್ಲಿ ಬೀಳುತ್ತಿದ್ದವು. ಗಾಳಿ ಎದ್ದರೆ ಪಕ್ಕದ ಚಂದಾಪುರದ ಅಂಗಡಿಗಳವರೆಗೂ ಹಾರುತ್ತಿದ್ದವು. ಒಂದು ಸಲ ಅನ್ನ ಅಂಟಿದ ತಾಟುಗಳನ್ನು ತಿಂದ ಆಕಳೊಂದು ಹೊಟ್ಟೆಯುಬ್ಬಿ ನಮ್ಮ ಕ್ಲಾಸಿನ ಕಿಟಕಿಯ ಕೆಳಗೇ ಸತ್ತಿತು. ಅದರ ಒಡೆಯ ಬಂದು, ಯಾರಿಗೂ ಏನೂ ಅನ್ನದೆ, ಕೊರಳಿನ ಹಗ್ಗ ಬಿಚ್ಚಿಕೊಂಡು ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಾದ ಮೇಲೆ ಸಸ್ಯಶಾಸ್ತ್ರ ಕಲಿಸುವ ಮೇಡಂ ಪರಿಸರ ಸಂಘ ಕಟ್ಟಿದರು. ಸಂಘದಲ್ಲಿ ನನ್ನ ಬಾಯಿಯೇ ಬೊಂಬಾಯಿ. ವಾರ್ಷಿಕ ಸಮ್ಮೇಳನದ ಊಟಕ್ಕೆ ಪ್ಲಾಸ್ಟಿಕ್ ಬೇಡ, ತಂದೆ ತಾಯಿಯರೂ ಸೇರಿ ಎಲ್ಲರೂ ಮನೆಯಿಂದಲೇ ತಾಟು ತರಬೇಕು, ಅದಲುಬದಲಾಗದ ಹಾಗೆ ಅದರ ಮೇಲೆ ಹೆಸರು ಕೊರೆಸಿರಬೇಕು ಎಂದು ಮೇಡಂ ಹೇಳಿದಾಗ ಮೊದಲು ಕೈಯೆತ್ತಿದವಳು ನಾನು.

ಆ ಸಮ್ಮೇಳನ ನನಗೆ ಬರೀ ಊಟದ ಮಾತಾಗಿರಲಿಲ್ಲ. ಅವ್ವ ಅಲ್ಲಿಯವರೆಗೆ ಒಮ್ಮೆಯೂ ಕಾಲೇಜಿನ ಗೇಟು ದಾಟಿರಲಿಲ್ಲ. ಕಾಡಿ ಬೇಡಿ ಒಪ್ಪಿಸಿದ್ದೆ. ಅಂದು ಸಂಜೆ ಸುಲೇಪೇಟದ ಬಸ್ಸಿಳಿದು ಮನೆಗೆ ಹೋದವಳೇ, ತೊಗರಿ ಹಸನು ಮಾಡುತ್ತಿದ್ದ ಅವ್ವನಿಗೆ ತಾಟಿನ ಸುದ್ದಿ ಹೇಳಿದೆ. ಮೊರದ ಮೇಲೆ ಆಡುತ್ತಿದ್ದ ಅವಳ ಕೈ ನಿಂತಿತು.

“ನಾ ಬರಂಗಿಲ್ಲ.”

“ಯಾಕವ್ವಾ?”

“ಮನಿ ತಾಟು ಹಿಡ್ಕೊಂಡು ಊಟಕ್ಕ ಹೋಗೋದು ಸಣ್ಣಾಕಿ ಇದ್ದಾಗೇ ಮಾಡೀನಿ. ಮಂದಿ ಮದಿವ್ಯಾಗ ನಮ್ಮ ಓಣಿಯವರೇ ತಾಟು ಒಯ್ಯಬೇಕು, ದೂರ ಕುಂದರಬೇಕು. ಮುಟ್ಟದಂಗ ಮ್ಯಾಲಿಂದ ನೀಡ್ತಿದ್ರು. ನಿಮ್ಮಜ್ಜ ಬೌದ್ಧ ಆದ ಮ್ಯಾಲ ಮನ್ಯಾಗ ಯಾರೂ ಹಂಗ ಹೋಗಿಲ್ಲ.”

ನನಗೆ ಸಿಟ್ಟು ಬಂತು. “ಕಾಲ ಭಾಳ ಬದಲಾಗ್ಯದ. ಎಲ್ಲಾರೂ ತರ್ಲಿಕತ್ತಾರ, ನಾವಷ್ಟೇ ಅಲ್ಲ.”

“ಖರೆ. ಅವರ ಕೈಯಾಗ ಅದು ತಾಟು. ನನ್ನ ಕೈಯಾಗ ಅದು ಏನಂತ ನನಗ ಗೊತ್ತದ. ಮತ್ತ ಅದರ ಮ್ಯಾಲ ಹೆಸರು ಬ್ಯಾರೆ ಕೊರಸಬೇಕಾ?”

ಆಕಳು ಸತ್ತದ್ದೂ ಸುಳ್ಳಲ್ಲ, ಅವ್ವ ಹೇಳಿದ್ದೂ ಸುಳ್ಳಲ್ಲ. ಮರುದಿನ ಮೇಡಂ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಯ್ಯೋ ಪಾಪ ಅಂದುಬಿಟ್ಟರೆ ಅಲ್ಲಿಂದ ಹೊರಟುಬಿಡಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಅವರು ಹಾಗೆನ್ನಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಅಂದರು.

“ಹಂಗಾದ್ರ ನಿಮ್ಮ ಅವ್ವಾರಿಗೆ ತಾಟು ನಾವೇ ಇಡ್ತೀವಿ. ಅವರು ತರೋದು ಬ್ಯಾಡ.”

“ಅದೂ ಬ್ಯಾರೆ ತಾಟೇ ಆಯ್ತಲ್ರಿ ಮೇಡಂ?”

ನನ್ನ ದನಿ ಏರಿತ್ತು. ಮೇಡಂ ಮುಖ ಕೆಂಪಾಯಿತು. ಒಳ್ಳೆಯ ಹೆಂಗಸು, ನಾನು ಹೇಳಿದ್ದು ಅವರಿಗೆ ತಿಳಿಯಿತು. ಪಕ್ಕದಲ್ಲಿದ್ದ ನನ್ನ ಗೆಳತಿ, ಸಂಘದಲ್ಲಿ ಎಂದೂ ಬಾಯಿ ಬಿಡದವಳು, ಮೆಲ್ಲಗೆ ಮಾತಾಡಿದಳು: “ನಮ್ಮ ಮೊಹಲ್ಲಾದಾಗ ಶಾದಿ ದಾವತ್ತಿಗೆ ಅಂತ ಸ್ಟೀಲಿನ ತಾಟು ಒಂದ್ಕಡಿ ಇಟ್ಟಾರ್ರಿ. ಎಲ್ಲಾರೂ ಕೂಡಿ ತಂದಿದ್ದು. ಯಾರ ಮನಿವೂ ಅಲ್ಲ. ಕೇಳಿದ್ರ ಕೊಡ್ತಾರ.”

ಅವನ್ನೇ ತರುವುದೆಂದಾಯಿತು. ತೊಳೆಯಲಿಕ್ಕೆ ಯಾರನ್ನಾದರೂ ಕರೆಸೋಣವೆಂದು ಕೆಲವರು ಅಂದರು. ಯಾವ ಓಣಿಯಿಂದ ಕರೆಸುತ್ತಾರೆಂದು ನನಗೆ ಗೊತ್ತಿತ್ತು. ಉಂಡವರೇ ತೊಳೆಯಲಿ ಎಂದು ಹಠ ಹಿಡಿದೆ. ಮೇಡಂ ನನ್ನ ಬೆನ್ನಿಗೆ ನಿಂತರು. ಪ್ರಾಂಶುಪಾಲರೂ ತಮ್ಮ ತಾಟು ತಾವೇ ತೊಳೆಯುವುದೆಂದು ತೀರ್ಮಾನವಾಯಿತು. ಅವ್ವನಿಗೆ ಇದೆಲ್ಲ ಹೇಳಿದಾಗ ಅವಳು ಮತ್ತೆ ಮೊರ ಎತ್ತಿಕೊಂಡಳು.

ಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಸಾಲಿನಲ್ಲಿ ನನ್ನ ಗೆಳತಿಯ ತಾಯಿಯ ಪಕ್ಕ ಕೂತು, ತಲೆ ತಗ್ಗಿಸಿ, ಬಡಿಸಿದ್ದಷ್ಟನ್ನೇ ಉಂಡಳು. ಇನ್ನೊಮ್ಮೆ ನೀಡಿ ಎಂದು ಕೇಳಲಿಲ್ಲ. ನಾನು ಅನ್ನದ ಬುಟ್ಟಿ ಹಿಡಿದು ಓಡಾಡುತ್ತಿದ್ದರೂ ನನ್ನ ಕಣ್ಣೆಲ್ಲ ಅವಳ ಮೇಲೆಯೇ ಇತ್ತು. ಎದ್ದುಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆ ಊಟ ಮುಗಿಯುವವರೆಗೂ ಹೋಗಲಿಲ್ಲ.

ನಳದ ಕೆಳಗೆ ತಾಟು ತೊಳೆದ ಅವ್ವ ಅದನ್ನು ಕೈಯಲ್ಲೇ ಹಿಡಿದು ನಿಂತಳು. ಎಲ್ಲರೂ ತಾಟುಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದರು. ಅವಳು ಗೋಡೆಯ ಕಡೆ, ಮೂಲೆಯ ಕಡೆ ನೋಡಿದಳು. ಬೇರೆ ಜಾಗ ಹುಡುಕುತ್ತಿದ್ದಾಳೆಂದು ತಿಳಿದಾಗ ನಾನು ಅವಳ ಬಳಿಗೆ ಓಡಿದೆ.

“ಅಲ್ಲೇ ಇಡವ್ವಾ, ಎಲ್ಲಾದ್ರಾಗ.”

ಇಟ್ಟಳು. ಅದರ ಮೇಲೆ ಪ್ರಾಂಶುಪಾಲರು ತಮ್ಮದನ್ನಿಟ್ಟರು, ಮೇಡಂ ಇಟ್ಟರು, ಗೆಳತಿಯ ತಾಯಿ ಇಟ್ಟರು. ಅಷ್ಟರಲ್ಲಿ ಯಾರೋ ಬಂದು ಇಡೀ ಒಟ್ಟಿಲನ್ನು ಎತ್ತಿ ಉಳಿದವುಗಳ ಜೊತೆ ಬುಟ್ಟಿಗೆ ಸುರಿದರು. ಅವ್ವ ಬಗ್ಗಿ ಬಹಳ ಹೊತ್ತು ಬುಟ್ಟಿಯನ್ನೇ ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದಳು.

“ಇದರಾಗ ನಂದು ಯಾವುದು, ಹೇಳು ನೋಡೋಣ?”

ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ.

“ನನಗೂ ಗುರ್ತು ಹತ್ತವಲ್ದು,” ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.