‘ಎಲ್ಲಿಂದ ತಂದ್ರಿ’ ಮೇಡಂ

ಆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ನಿಜ. ಆದರೆ ವಿದ್ಯಾರ್ಥಿಗಳ ಬಾಯಲ್ಲಿ ಆಕೆ ‘ಎಲ್ಲಿಂದ ತಂದ್ರಿ’ ಮೇಡಂ. ಯಾರು ಏನು ಬರೆದು ತಂದರೂ ಕನ್ನಡಕ ಮೂಗಿನ ತುದಿಗೆ ಇಳಿಸಿ, “ಇದನ್ನ ಎಲ್ಲಿಂದ ತಂದ್ರಿ?” ಎನ್ನುವುದು ಆಕೆಯ ಮೊದಲ ಮಾತು. ಮನೆಯಲ್ಲೂ ಅಷ್ಟೆ. ಗಂಡ ಊಟಕ್ಕೆ ಕೂತಾಗ ನಗೆಹನಿ ಹೇಳಿದರೆ, ಯಾರು ಹೇಳಿದ್ದು ಎಂದು ಕೇಳುವುದು ಮೊದಲು, ನಗುವುದು ಆಮೇಲೆ. ಪಾಪ, ಆತ ನಗೆಹನಿ ಹೇಳುವುದನ್ನೇ ಬಿಟ್ಟುಬಿಟ್ಟ.

ಆಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ವಿಷಯವೂ ಅದೇ: ಕೃತಿಚೌರ್ಯ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮದೆಂದು ಹೇಳಿಕೊಳ್ಳುವುದು ಯಾವಾಗಿನಿಂದ ಕಳ್ಳತನವಾಯಿತು? ಹಿಂದಿನವರು ಅದನ್ನು ಹಾಗೆ ಕರೆಯುತ್ತಲೇ ಇರಲಿಲ್ಲ ಎನ್ನುವುದು ಆಕೆಯ ವಾದ. ಹಿರಿಯರ ಸಾಲನ್ನು ಎತ್ತಿ ತನ್ನ ಪದ್ಯದಲ್ಲಿ ಕೂರಿಸಿದರೆ ಅದು ಗೌರವ. ಅಚ್ಚಿನ ಯಂತ್ರ ಬಂದು, ಪುಸ್ತಕ ಅಂಗಡಿಯ ಸರಕಾದ ಮೇಲೆಯೇ ‘ಇದು ನನ್ನದು, ಮುಟ್ಟಬೇಡ’ ಎನ್ನುವ ಜಗಳ ಶುರುವಾದದ್ದು.

ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕನಿಗೂ ಈ ವಿಷಯದಲ್ಲಿ ಒಂದು ಅಭಿಪ್ರಾಯವಿತ್ತು. “ನೋಡಿ ಹೊಲಿಯೋದು ಕಳ್ಳತನ ಅಂದ್ರೆ ಅರ್ಧ ಊರು ಬೆತ್ತಲೆ ಓಡಾಡ್ಬೇಕಾಗುತ್ತೆ” ಎಂದಳು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಆಮೇಲೆ ಸೂಜಿ ತೆಗೆದು, “ಆದ್ರೆ ಎದುರಂಗಡಿಯವಳು ನನ್ನ ತೋಳಿನ ಕಟಿಂಗ್ ನೋಡ್ಕೊಂಡು ಹೋದಳಲ್ಲ, ಅದು ಬೇರೆ. ಅದು ಶುದ್ಧ ಕಳ್ಳತನ” ಎಂದು ಸೇರಿಸಿದಳು. ವಿದ್ವಾಂಸರ ಗೋಷ್ಠಿಗಳಲ್ಲಿ ಆಗುವ ಜಗಳವೂ ಹೆಚ್ಚುಕಡಿಮೆ ಇಷ್ಟೇ. ಅಲ್ಲಿ ಗುಂಡುಸೂಜಿ ಇರುವುದಿಲ್ಲ.

ಮೇಡಂ ವಾದಕ್ಕೆ ಅಡ್ಡ ನಿಂತಿದ್ದವರು ಬೇರೆ ಯಾರೂ ಅಲ್ಲ, ಆಕೆಗೆ ಪಾಠ ಹೇಳಿದ ಮೇಷ್ಟ್ರು. ಈಗ ನಿವೃತ್ತರು, ಆದರೆ ದನಿ ನಿವೃತ್ತವಾಗಿರಲಿಲ್ಲ. “ಕದ್ದದ್ದು ಕದ್ದದ್ದೇ. ಅಂದೂ ಅಷ್ಟೆ, ಇಂದೂ ಅಷ್ಟೆ” ಎನ್ನುತ್ತಿದ್ದರು. ಅದಕ್ಕೆ ಅವರ ಬಳಿ ಒಂದು ಹಳೆಯ ಕಥೆ ಸಾಕ್ಷಿ. ಒಬ್ಬ ಹಾಡುಗಾರ ಬಡ ಕವಿಯೊಬ್ಬನ ಪದ್ಯಗಳನ್ನು ತನ್ನವೆಂದು ರಾಜನ ಮುಂದೆ ಹಾಡಿದ. ಗುಟ್ಟು ರಟ್ಟಾಯಿತು. ರಾಜ ಅವನ ತಲೆ ತೆಗೆಸಲಿಲ್ಲ. ‘ಬದುಕಿರುವವರೆಗೂ ಈ ಪದ್ಯಗಳನ್ನೇ ಹಾಡು, ಆದರೆ ಪ್ರತಿಸಲ ಮೊದಲು ಕವಿಯ ಹೆಸರು ಹೇಳಿ ಆಮೇಲೆ ಬಾಯಿ ತೆರೆ’ ಎಂದ. ಕೃತಿಚೌರ್ಯದ ಬಗ್ಗೆ ಬರೆದವರೆಲ್ಲ ಈ ಕಥೆಯನ್ನು ಹೇಳದೆ ಮುಂದೆ ಹೋಗುತ್ತಿರಲಿಲ್ಲ.

ಮೇಷ್ಟ್ರಿಗೆ ಸನ್ಮಾನ ಮಾಡಿ, ಅದೇ ವೇದಿಕೆಯಲ್ಲಿ ಗುರು ಶಿಷ್ಯೆಯರ ನಡುವೆ ವಾದ ಇಟ್ಟುಕೊಳ್ಳುವುದೆಂದು ಕಾಲೇಜು ಗೊತ್ತುಮಾಡಿತು. ತಯಾರಿಗೆ ಕೂತ ಮೇಡಂ ತಲೆಯಲ್ಲಿ ಹುಳ ಹೊಕ್ಕಿತು. ಅಲ್ಲ, ಈ ರಾಜ ಯಾರು? ಯಾವ ಊರಿನವನು?

ಸರಿ, ಕಥೆಯ ಬಾಲ ಹಿಡಿದು ಹೊರಟಳು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಧೂಳಿಗೆ ಸೀನುತ್ತಾ ಪುಸ್ತಕದ ಮೇಲೆ ಪುಸ್ತಕ ತೆಗೆದಳು. ಈಚಿನದು ಹಿಂದಿನದನ್ನು ತೋರಿಸಿತು, ಅದು ಅದರ ಹಿಂದಿನದನ್ನು. ಪ್ರತಿಯೊಬ್ಬರೂ ಅಡಿಟಿಪ್ಪಣಿಯಲ್ಲಿ ಒಂದು ಹಸ್ತಪ್ರತಿಯನ್ನು ಕಣ್ಣಾರೆ ಕಂಡವರಂತೆ ನಮೂದಿಸಿದ್ದರು. ಕೊನೆಗೆ ಸಿಕ್ಕಿದ್ದು ಮೇಷ್ಟ್ರು ಪ್ರಾಯದಲ್ಲಿ ಬರೆದ ಲೇಖನ. ಅದರಲ್ಲಿ ‘ಹಳೆಯ ಹಸ್ತಪ್ರತಿ, ಖಾಸಗಿ ಸಂಗ್ರಹ’ ಎಂದಿತ್ತು. ಅದರ ಹಿಂದೆ ಏನೂ ಇಲ್ಲ.

ಮೇಡಂ ನೆಲದ ಮೇಲೆ ಕೂತು ಒಬ್ಬಳೇ ನಕ್ಕಳು. ಕಳ್ಳತನದ ಬಗ್ಗೆ ಬರೆದ ಮಹಾಶಯರೆಲ್ಲ ಒಬ್ಬರ ಜೇಬಿಗೆ ಇನ್ನೊಬ್ಬರು ಕೈ ಹಾಕಿದ್ದರು! ಮರುಕ್ಷಣ ತನ್ನ ಮೊದಲ ಲೇಖನದಲ್ಲೂ ಅದೇ ಹಸ್ತಪ್ರತಿ ಇದ್ದದ್ದು ನೆನಪಾಗಿ ನಗು ನಿಂತಿತು. ಆಮೇಲೆ ಭಯವಾಯಿತು. ಇದನ್ನು ವೇದಿಕೆಯಲ್ಲಿ ಎತ್ತಿದರೆ ವಾದ ಗೆದ್ದಂತೆಯೇ, ಆದರೆ ಸನ್ಮಾನದ ದಿನವೇ ಮೇಷ್ಟ್ರ ಮಾನ ಮಣ್ಣುಪಾಲು. ಎತ್ತದಿದ್ದರೆ, ನಾಳೆ ಯಾವ ಮುಖ ಹೊತ್ತು ಮಕ್ಕಳನ್ನು ಎಲ್ಲಿಂದ ತಂದ್ರಿ ಎಂದು ಕೇಳುವುದು?

ಮರುದಿನ ಮಧ್ಯಾಹ್ನವೇ ಮೇಷ್ಟ್ರ ಮನೆಗೆ ಹೋದಳು. ಅವರು ಕಿಟಕಿಯ ಪಕ್ಕ ಭೂತಗನ್ನಡಿ ಹಿಡಿದು ಓದುತ್ತಿದ್ದರು.

“ಸರ್, ಆ ರಾಜನ ಕಥೆ... ಎಲ್ಲಿಂದ ತಂದ್ರಿ?”

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. “ನನ್ನ ಪ್ರಶ್ನೆ ನನಗೇ ತಿರುಗಿಸಿದ್ಯಲ್ಲಮ್ಮಾ! ಕ್ಲಾಸಲ್ಲಿ ನಿಮ್ಮನ್ನೆಲ್ಲ ಹೀಗೇ ಕೇಳ್ತಿದ್ದೆ, ನೆನಪಿದ್ಯಾ?”

ಮೇಡಂ ನಾಲಿಗೆ ಕಚ್ಚಿಕೊಂಡಳು. ಊರೆಲ್ಲ ತನಗೆ ಅಡ್ಡಹೆಸರಾಗಿ ಅಂಟಿಸಿದ ಮಾತು ಇವರದ್ದು. ಅದನ್ನು ತಾನು ಒಮ್ಮೆಯೂ ಯಾರಿಗೂ ಹೇಳಿರಲಿಲ್ಲ.

ನಗು ಇಳಿದ ಮೇಲೆ ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. “ಹಸ್ತಪ್ರತಿ ಇಲ್ಲ. ನಮ್ಮಮ್ಮ ಹೇಳಿದ ಕಥೆ ಅದು. ಶಾಲೇಲಿ ಪಕ್ಕದವನ ಪ್ರಬಂಧ ನೋಡಿ ಬರೆದು ಬಹುಮಾನ ತಂದಿದ್ದೆ. ಅಮ್ಮ ಬೈಲಿಲ್ಲ, ಹೊಡೀಲಿಲ್ಲ. ಬಟ್ಟೆ ಮಡಚ್ತಾ ಈ ಕಥೆ ಹೇಳಿದ್ಲು. ಮುಂದೆ ಲೇಖನ ಬರೆದಾಗ ಆಧಾರ ಏನು ಅಂತ ಕೇಳಿದ್ರು. ಅಡಿಟಿಪ್ಪಣೀಲಿ ನಮ್ಮಮ್ಮ ಅಂತ ಹಾಕೋಕಾಗುತ್ತಾ? ದೊಡ್ಡೋರು ನಗ್ತಾರೆ ಅಂತ ಹೆದರಿ ಹಸ್ತಪ್ರತಿ ಅಂದೆ.”

ಮೇಡಂಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಇವರು ಆ ಕಥೆಯನ್ನು ತಮ್ಮದೆನ್ನಲಿಲ್ಲ. ಆದರೂ ಒಬ್ಬಳ ಸ್ವತ್ತು ಹೋಯಿತು. ಇಲ್ಲದ ಒಂದು ಹಸ್ತಪ್ರತಿಗೆ ಅದನ್ನು ದಾನ ಮಾಡಿಬಿಟ್ಟರು. ಇದು ಕಳ್ಳತನವೋ ಅಲ್ಲವೋ? ಇದಕ್ಕೆ ತಾನು ಓದಿದ ಯಾವ ಪುಸ್ತಕದಲ್ಲೂ ಹೆಸರಿರಲಿಲ್ಲ.

“ನಾಳೆ ಸಭೇಲಿ ನೀನೇ ಹೇಳ್ಬಿಡು” ಎಂದರು ಮೇಷ್ಟ್ರು.

“ನಾನು ಹೇಳಲ್ಲ ಸರ್. ನಿಮ್ಮಮ್ಮನ ಕಥೆ. ನೀವೇ ಹೇಳ್ಬೇಕು.”

ಮೇಷ್ಟ್ರು ಮತ್ತೆ ಭೂತಗನ್ನಡಿ ಎತ್ತಿಕೊಂಡರು.

ಸಭೆಯ ದಿನ ಮೇಡಂ ತನ್ನ ಮಾತನ್ನು ಗಟ್ಟಿಯಾಗಿಯೇ ಮಂಡಿಸಿದಳು, ರಾಜನ ತಂಟೆಗೆ ಹೋಗಲಿಲ್ಲ. ‘ಎಲ್ಲಿಂದ ತಂದ್ರಿ’ ಎನ್ನುವ ಮಾತು ಯಾರದ್ದೆಂದು ಮಾತ್ರ ಮೊದಲೇ ಹೇಳಿದಳು, ಹುಡುಗರು ಚಪ್ಪಾಳೆ ತಟ್ಟಿದರು. ಬಳಿಕ ಮೇಷ್ಟ್ರು ಎದ್ದರು.

ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊದಲು ಒಂದು ಹೆಣ್ಣಿನ ಹೆಸರು ಹೇಳಿದರು. ಆ ಹೆಸರನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ. “ನಮ್ಮ ತಾಯಿ. ಈಗ ಹೇಳೋ ಕಥೆ ಅವಳದು. ಹಸ್ತಪ್ರತಿ ಅಂತ ನಾನು ಬರೆದದ್ದು ಸುಳ್ಳು” ಎಂದು, ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದರು. ರಾಜನ ತೀರ್ಪು ಯಾರ ಮೇಲೆ ಜಾರಿಯಾಗುತ್ತಿದೆ ಎಂದು ಮೇಡಂಗೆ ಹೊಳೆಯಿತು. ಮುಂದಿನ ಸಾಲಿನಲ್ಲಿದ್ದ ವಿದ್ವಾಂಸರಲ್ಲಿ ಕೆಲವರು ಇದ್ದಕ್ಕಿದ್ದಂತೆ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಮೇಡಂ ಶಿಷ್ಯೆಯೇ, ಸಂಶಯವಿಲ್ಲ.

“ಸರ್, ನಿಮ್ಮ ತಾಯಿ ಎಲ್ಲಿಂದ ತಂದ್ರು?”

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಗಲು ಬಾಯಿ ತೆರೆದರು, ಆಗಲಿಲ್ಲ.

“ಎಲ್ಲಿಂದ ತಂದ್ರಿ ಅಂತ ಊರಲ್ಲಿ ಎಲ್ರನ್ನೂ ಕೇಳಿದೆ ನೋಡಮ್ಮ” ಎಂದರು. “ಅವಳನ್ನ ಮಾತ್ರ ಕೇಳಲೇ ಇಲ್ಲ.”